ಕೊಳೆರೋಗ ಅಂದರೆ ಯಾವ ಕೊಳೆರೋಗ? ವಿಜ್ಞಾನದ ಲೈಬ್ರೇರಿಯನ್ ಆಗಲು ಕಲಿಯುವುದು ಹೇಗೆ

ಜುಲೈ ತಿಂಗಳ ಒಂದು ಮಧ್ಯಾಹ್ನ. ಮಡಿಕೇರಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ನಾನು ಲೈಬ್ರರಿ ಸೈನ್ಸ್ ಮುಗಿಸಿ ಒಂದು ಕಾಲೇಜಿನ ಲೈಬ್ರರಿಯಲ್ಲಿ ಟ್ರೈನಿಯಾಗಿ ಸೇರಿ ಎರಡು ತಿಂಗಳಾಗಿತ್ತು. ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರು ಒದ್ದೆ ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ ಒಳಗೆ ಬಂದರು. "ಕೊಳೆರೋಗದ ಬಗ್ಗೆ ಹೊಸದಾಗಿ ಏನಾದ್ರೂ ಸಂಶೋಧನೆ ಆಗಿದ್ಯಾ, ಸ್ವಲ್ಪ ನೋಡಿ ಕೊಡ್ತೀರಾ ಮೇಡಂ?" ಅಂದರು. ನಾನು ಖುಷಿಯಿಂದ ಹುಡುಕಿ ಎಂಟು ಪೇಪರ್ ಪ್ರಿಂಟ್ ತೆಗೆದು ಕೊಟ್ಟೆ.

ಹತ್ತು ದಿನ ಕಳೆದ ಮೇಲೆ ಅವರು ಮತ್ತೆ ಬಂದರು. ನಾನು ಕೊಟ್ಟಿದ್ದೆಲ್ಲ ಅಡಿಕೆಯ ಕೊಳೆರೋಗದ್ದು. ಅವರದು ಕಾಫಿ ತೋಟ. ಬೈಯಲಿಲ್ಲ, "ಪರವಾಗಿಲ್ಲ, ಇನ್ನೊಂದ್ಸಲ ನೋಡಿ" ಅಂದರು ಅಷ್ಟೇ. ಆದರೆ ಆ ಹತ್ತು ದಿನದಲ್ಲಿ ಅವರ ಗಿಡಗಳ ಎಲೆ ಕಪ್ಪಾಗಿ, ಬೂಷ್ಟಿನ ಎಳೆಗೆ ಅಂಟಿಕೊಂಡು ನೇತಾಡುತ್ತಿದ್ದವು. ಯಾವ ಬೆಳೆ ಅಂತ ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ವಿಜ್ಞಾನದ ಲೈಬ್ರೇರಿಯನ್ ಆಗಬೇಕು, ಏನು ಓದಬೇಕು, ಹೇಗೆ ಕಲಿಯಬೇಕು ಅಂತ ಕೇಳುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ. ಪುಸ್ತಕ ಜೋಡಿಸುವುದು, ಕಾರ್ಡ್ ಬರೆಯುವುದು, ಸಾಫ್ಟ್‌ವೇರ್ ನಡೆಸುವುದು ಇವೆಲ್ಲ ಆರು ತಿಂಗಳಲ್ಲಿ ಕೈಗೆ ಬರುತ್ತದೆ. ಕೇಳುವವರ ಮಾತಿಗೂ ವಿಜ್ಞಾನ ಬರೆಯುವವರ ಮಾತಿಗೂ ನಡುವೆ ಇರುವ ಅಂತರ ಇದೆಯಲ್ಲ, ಅದನ್ನು ದಾಟಿಸುವುದೇ ನಿಜವಾದ ಕೆಲಸ. ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು.

ಹೆಸರುಗಳಿಂದ ಶುರು ಮಾಡಿ

ಕೊಳೆರೋಗವನ್ನೇ ಹಿಡಿದು ಕಲಿಯೋಣ, ಯಾಕೆಂದರೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಇನ್ನೂ ಸಿಕ್ಕಿಲ್ಲ.

ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟಾಫ್ತೊರಾ ಅನ್ನುವ ಜೀವಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಕಾಫಿಯ ಕೊಳೆರೋಗಕ್ಕೆ ಕಾರಣ ಬೇರೆಯೇ ಒಂದು ಶಿಲೀಂಧ್ರ. ಎರಡೂ ಮಳೆಗಾಲದಲ್ಲೇ ಬರುತ್ತವೆ, ಎರಡಕ್ಕೂ ಜನ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಮಿಶ್ರಣ) ಹೊಡೆಯುತ್ತಾರೆ, ಎರಡಕ್ಕೂ ನಮ್ಮ ಜನ ಇಟ್ಟ ಹೆಸರು ಒಂದೇ. ಒಂದು ಹೆಸರು, ಎರಡು ರೋಗ.

ಈಗ ಇದರ ಉಲ್ಟಾ ನೋಡಿ. ಕಾಫಿಯ ಆ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಕುಕ್ ಅನ್ನುವ ಶಿಲೀಂಧ್ರ ತಜ್ಞರು ಪೆಲ್ಲಿಕ್ಯುಲೇರಿಯಾ ಕೊಳೆರೋಗ ಅಂತ ಹೆಸರಿಟ್ಟರು. ನಮ್ಮ ತೋಟದ ಕನ್ನಡ ಪದವೇ ಲ್ಯಾಟಿನ್ ಹೆಸರಿನ ಜಾಗದಲ್ಲಿ ಕೂತಿತು! ಆಮೇಲೆ ಅದೇ ಶಿಲೀಂಧ್ರ ಕಾರ್ಟಿಸಿಯಂ ಕೊಳೆರೋಗ ಆಯಿತು, ನಂತರ ಕೊಳೆರೋಗ ನಾಕ್ಸಿಯಾ ಆಯಿತು, ಅದಾದ ಮೇಲೆ ಸೆರಟೊಬೇಸಿಡಿಯಂ ನಾಕ್ಸಿಯಂ ಅಂತಲೂ ಕರೆದರು. ಇಂಗ್ಲಿಷಿನಲ್ಲಿ ಬ್ಲ್ಯಾಕ್ ರಾಟ್. ಒಂದು ರೋಗ, ಐದಾರು ಹೆಸರು. ನೀವು ಈಗಿನ ಹೆಸರು ಮಾತ್ರ ಹಾಕಿ ಹುಡುಕಿದರೆ ಹಳೆಯ ಕೆಲಸವೆಲ್ಲ ಕೈ ತಪ್ಪುತ್ತದೆ. ಹಳೆಯದು ಮಾತ್ರ ಹಾಕಿದರೆ ಹೊಸದು ಸಿಗುವುದಿಲ್ಲ.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ಒಂದೊಂದು ಪುಟಕ್ಕೆ ಒಂದೊಂದು ವಿಷಯ. ತೋಟದಲ್ಲಿ ಏನಂತಾರೆ, ಕೊಡವ ತಕ್ಕ್‌ನಲ್ಲಿ ಏನಂತಾರೆ, ಇಂಗ್ಲಿಷ್ ಹೆಸರು ಏನು, ಈಗಿನ ವೈಜ್ಞಾನಿಕ ಹೆಸರು ಯಾವುದು, ಹಳೆಯ ಹೆಸರುಗಳು ಯಾವುವು, ಎಲ್ಲ ಬರೆಯಿರಿ. ಶಿಲೀಂಧ್ರದ ಹೆಸರು ಬದಲಾಗಿದೆಯಾ ಅಂತ ನೋಡಲು ಇಂಡೆಕ್ಸ್ ಫಂಗೋರಂ ಮತ್ತು ಮೈಕೋಬ್ಯಾಂಕ್ ಇವೆ. ಗಿಡಗಳಿಗೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್ ಇದೆ. ಎಲ್ಲವೂ ಉಚಿತ. ಏಲಕ್ಕಿಯ ಕಟ್ಟೆ ರೋಗ, ಕೊಕ್ಕೆ ಕಂದು ರೋಗ ಇವೆರಡೂ ಅದೇ ಹೆಸರಿನಲ್ಲೇ ಇಂಗ್ಲಿಷ್ ಪೇಪರುಗಳಿಗೆ ಹೋಗಿವೆ, ಗೊತ್ತಾ? ಅಂದರೆ ನಮ್ಮ ಊರಿನ ಪದ ಗೊತ್ತಿರುವವರಿಗೆ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗುವ ಅವಕಾಶ ಇದೆ. ಕೀಟಗಳನ್ನೂ ಬಿಡಬೇಡಿ. ತೋಟದಲ್ಲಿ "ಬೋರರ್ ಬಂದಿದೆ" ಅಂತಾರೆ. ಅದು ಅರೇಬಿಕಾ ಕಾಫಿಯ ಕಾಂಡ ಕೊರೆಯುವ ಕ್ಸೈಲೊಟ್ರೆಕಸ್ ಕ್ವಾಡ್ರಿಪೆಸ್ ಇರಬಹುದು, ಹಣ್ಣು ಕೊರೆಯುವ ಹೈಪೊಥೆನೆಮಸ್ ಹ್ಯಾಂಪಿಯೈ ಇರಬಹುದು. ಎರಡೂ ಬೇರೆ ಹುಳು, ಎರಡರ ಸಾಹಿತ್ಯವೂ ಬೇರೆ. ಕಾಂಡಾನಾ, ಕಾಯಾ ಅಂತ ಕೇಳಿ.

ಪ್ರಶ್ನೆಯನ್ನು ಬಿಡಿಸುವುದು

ಎಸ್. ಆರ್. ರಂಗನಾಥನ್ ಅವರ ಹೆಸರು ಲೈಬ್ರರಿ ಸೈನ್ಸ್ ಓದುವ ಎಲ್ಲರೂ ಮೊದಲ ವಾರವೇ ಕೇಳುತ್ತಾರೆ. ಅವರು ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದರು, 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು, 1933ರಲ್ಲಿ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಕೋಲನ್ ವರ್ಗೀಕರಣ ತಂದರು, 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಅನ್ನುವ ಲೈಬ್ರರಿ ಸೈನ್ಸ್ ಸಂಶೋಧನೆ, ತರಬೇತಿ ಕೇಂದ್ರ ಶುರು ಮಾಡಿದರು. ಪರೀಕ್ಷೆಗೆ ಅಂತ ಎಲ್ಲರೂ ಇದನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಅವರು ವಿಷಯವನ್ನು ಐದು ಮುಖಗಳಾಗಿ ಬಿಡಿಸಿದ್ದು ಇವತ್ತು ಕಂಪ್ಯೂಟರಿನಲ್ಲಿ ಹುಡುಕುವಾಗ ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದನ್ನು ಜಾಸ್ತಿ ಜನ ಹೇಳಿಕೊಡುವುದಿಲ್ಲ.

ಆ ಬೆಳೆಗಾರರ ಪ್ರಶ್ನೆಯನ್ನೇ ಬಿಡಿಸಿ ನೋಡಿ. ಯಾವುದರ ಬಗ್ಗೆ? ಕಾಫಿ. ಅದರಲ್ಲಿ ಏನು? ಕೊಳೆರೋಗ. ಅದಕ್ಕೆ ಏನು ಮಾಡಬೇಕು? ತಡೆಯಬೇಕು. ಎಲ್ಲಿ? ಕೊಡಗಿನಲ್ಲಿ, ಅಥವಾ ಇಲ್ಲಿಯಷ್ಟೇ ಮಳೆ ಬೀಳುವ ಕಡೆ. ಯಾವಾಗ? ಮಳೆಗಾಲದಲ್ಲಿ, ಕಳೆದ ಹತ್ತು ವರ್ಷದ ಕೆಲಸ. ಐದು ಪ್ರಶ್ನೆ ಕೇಳಿದರೆ ಐದು ಖಾನೆ ಸಿಗುತ್ತವೆ. ಒಂದೊಂದು ಖಾನೆಯಲ್ಲಿ ಆ ಪದದ ಬೇರೆ ಬೇರೆ ರೂಪಗಳನ್ನೆಲ್ಲ ಬರೆದು ನಡುವೆ 'ಆರ್' (OR, ಇದು ಅಥವಾ ಅದು) ಹಾಕಿ. ಖಾನೆ ಖಾನೆಯ ನಡುವೆ 'ಆ್ಯಂಡ್' (AND, ಎರಡೂ ಇರಬೇಕು) ಹಾಕಿ. ಕೊಡಗು ಅನ್ನುವ ಖಾನೆಯಲ್ಲಿ ಕೂರ್ಗ್ ಅಂತಲೂ ಬರೆಯಲೇಬೇಕು, ಹಳೆಯ ಪೇಪರೆಲ್ಲ ಆ ಹೆಸರಲ್ಲೇ ಇವೆ. ಅಡಿಕೆ ಬೇಡ ಅಂತ 'ನಾಟ್' (NOT) ಹಾಕುವಾಗ ಮಾತ್ರ ಹುಷಾರು. ನಮ್ಮ ಕಡೆ ಕಾಫಿ ತೋಟದ ಒಳಗೇ ಅಡಿಕೆ ಇರುತ್ತದಲ್ವಾ, ಎರಡನ್ನೂ ಹೇಳುವ ಒಳ್ಳೆಯ ಪೇಪರೊಂದು ಆ ಒಂದು ಪದದಿಂದ ಹೊರಗೆ ಹೋಗಿಬಿಡುತ್ತದೆ.

ಮೊದಲು ಎರಡು ಖಾನೆ ಮಾತ್ರ ಹಾಕಿ ನೋಡಿ. ಸಿಕ್ಕಿದ್ದು ಜಾಸ್ತಿ ಆದರೆ ಮೂರನೆಯದು ಸೇರಿಸಿ. ಐದೂ ಒಟ್ಟಿಗೆ ಹಾಕಿದರೆ ಸಾಮಾನ್ಯವಾಗಿ ಏನೂ ಬರುವುದಿಲ್ಲ. ಆಗ "ಇದರ ಬಗ್ಗೆ ಸಂಶೋಧನೆಯೇ ಆಗಿಲ್ಲ" ಅಂತ ಹೇಳಿಬಿಡುವುದು ಹೊಸಬರು ಮಾಡುವ ದೊಡ್ಡ ತಪ್ಪು.

ಎಲ್ಲಿ ಹುಡುಕಬೇಕು

ಗೂಗಲ್ ಸ್ಕಾಲರ್ ಎಲ್ಲರಿಗೂ ಗೊತ್ತು. ಶುರು ಮಾಡಲು ಒಳ್ಳೆಯದು, ಅಲ್ಲೇ ನಿಲ್ಲಬೇಡಿ. ಅದರಲ್ಲಿ ಏನು ಸೇರಿದೆ, ಏನು ಸೇರಿಲ್ಲ ಅಂತ ಹೊರಗಿನಿಂದ ತಿಳಿಯುವುದಿಲ್ಲ.

ಕೃಷಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಗ್ರಿಸ್ ನೋಡಿ, ಉಚಿತವಾಗಿದೆ. ಅದರ ಜೊತೆ ಅಗ್ರೋವೊಕ್ ಅಂತ ಪದಕೋಶ ಇದೆ. ಒಂದು ಪದಕ್ಕೆ ಮೇಲಿನ ಪದ ಯಾವುದು, ಕೆಳಗಿನದು ಯಾವುದು, ಸಂಬಂಧಪಟ್ಟಿದ್ದು ಯಾವುದು ಅಂತ ತೋರಿಸುತ್ತದೆ. ದಿನಕ್ಕೆ ಹತ್ತು ನಿಮಿಷ ಸುಮ್ನೆ ಅದರೊಳಗೆ ಓಡಾಡಿ, ವಿಷಯದ ನಕ್ಷೆ ತಾನಾಗಿಯೇ ತಲೆಗೆ ಬರುತ್ತದೆ. ಭಾರತದ ಕೃಷಿ ವಿಶ್ವವಿದ್ಯಾಲಯಗಳ ಪ್ರೌಢಪ್ರಬಂಧಗಳಿಗೆ ಕೃಷಿಕೋಶ್, ಬೇರೆ ವಿಶ್ವವಿದ್ಯಾಲಯಗಳ ಪಿಎಚ್.ಡಿ.ಗಳಿಗೆ ಶೋಧಗಂಗಾ. ನಮ್ಮ ಜಿಲ್ಲೆಯ ಬಗ್ಗೆ ಆಳವಾಗಿ ಬರೆದ ಎಷ್ಟೋ ವಿಷಯ ಜರ್ನಲ್‌ಗಳಿಗಿಂತ ಹೆಚ್ಚಾಗಿ ಈ ಪ್ರೌಢಪ್ರಬಂಧಗಳಲ್ಲೇ ಕೂತಿದೆ.

ವೈದ್ಯಕೀಯಕ್ಕೆ ಪಬ್‌ಮೆಡ್. ಇದನ್ನು ಕಲಿಯಲು ಮಂಗನ ಕಾಯಿಲೆಯನ್ನು ತೆಗೆದುಕೊಳ್ಳಿ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾದ ಕಾಯಿಲೆ ಇದು. ಮಂಕಿ ಫೀವರ್ ಅಂತ ಹಾಕಿದರೆ ಸಂಬಂಧವಿಲ್ಲದ್ದೂ ಬರುತ್ತದೆ, ಬೇಕಾದದ್ದು ಕೆಲವು ತಪ್ಪಿಯೂ ಹೋಗುತ್ತದೆ. ಪಬ್‌ಮೆಡ್‌ನವರು ಮೆಶ್ ಅಂತ ಒಂದು ವಿಷಯಪಟ್ಟಿ ಇಟ್ಟಿದ್ದಾರೆ, ಅದರಲ್ಲಿ ಸುಮಾರು 30,000 ಶೀರ್ಷಿಕೆಗಳಿವೆ. ಪೇಪರು ಯಾವ ಪದ ಬಳಸಿದ್ದರೂ ಅದನ್ನು ಒಂದೇ ಶೀರ್ಷಿಕೆಯ ಕೆಳಗೆ ತರುತ್ತಾರೆ. ಮಂಗನ ಕಾಯಿಲೆ ಅಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್. ಆ ಶೀರ್ಷಿಕೆ ಹಿಡಿದು ಹುಡುಕಿ, ಆಮೇಲೆ ಸಾದಾ ಪದ ಹಾಕಿ ಹುಡುಕಿ, ಎರಡನ್ನೂ ಹೋಲಿಸಿ. ವಿಷಯಪಟ್ಟಿ ಅಂದರೆ ಏನು ಅನ್ನುವುದು ಆ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ.

ಭೂಕುಸಿತದ ಬಗ್ಗೆ 2018ರ ಆಗಸ್ಟ್ ನಂತರ ನಮ್ಮಲ್ಲಿ ಕೇಳದವರೇ ಇಲ್ಲ. ಅದಕ್ಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಪೋರ್ಟಲ್‌ನಲ್ಲಿ ನಕ್ಷೆಗಳಿವೆ. ಹಳೆಯ ಪ್ರಾಣಿ ಸಸ್ಯ ಪುಸ್ತಕಗಳಿಗೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ. ಭೌತಶಾಸ್ತ್ರ, ಗಣಿತಕ್ಕೆ 1991ರಿಂದ ನಡೆಯುತ್ತಿರುವ ಆರ್ಕೈವ್ (arXiv). ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಜರ್ನಲ್‌ಗಳನ್ನೂ ನೋಡುತ್ತಿರಿ.

ಇನ್ನು ಕಪಾಟಿನ ವಿಷಯ. ಪುಸ್ತಕಗಳನ್ನು ವಿಷಯವಾರು ಜೋಡಿಸಲು ಬಳಸುವ ಡ್ಯೂಯಿ ಸಂಖ್ಯೆಯಲ್ಲಿ ಕಾಫಿ ಬೆಳೆ 633.73, ಕಾಫಿ ಪುಡಿ ತಯಾರಿಸುವ ತಂತ್ರ 663.93, ಆಹಾರವಾಗಿ ಕಾಫಿ 641.3373. ಒಂದೇ ಕಾಫಿ ಮೂರು ಕಡೆ ಚದುರಿ ಕೂತಿದೆ. ಬೆಳೆಗಾರರನ್ನು ಒಂದೇ ಕಪಾಟಿಗೆ ಕಳಿಸಿದರೆ ಉಳಿದ ಎರಡು ಅವರಿಗೆ ಕಾಣುವುದೇ ಇಲ್ಲ.

ಪೂರ್ತಿ ಪೇಪರು ಸಿಗದಿದ್ದರೆ ಏನು ಮಾಡೋದು ಅಂತ ಎಲ್ಲರೂ ಕೇಳುತ್ತಾರೆ. ನೀವು ಸರ್ಕಾರಿ ವಿಶ್ವವಿದ್ಯಾಲಯ ಅಥವಾ ಕಾಲೇಜಿನಲ್ಲಿ ಓದುತ್ತಿದ್ದರೆ ಮೊದಲು ನಿಮ್ಮ ಲೈಬ್ರೇರಿಯನ್ ಹತ್ತಿರ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ನಿಮ್ಮಲ್ಲಿ ಇದೆಯಾ ಅಂತ ಕೇಳಿ. 2025ರ ಜನವರಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆ ಇದು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು 6,300 ಸರ್ಕಾರಿ ಸಂಸ್ಥೆಗಳಿಗೆ ಒದಗಿಸುತ್ತದೆ. ಇಲ್ಲದಿದ್ದರೆ ಬ್ರೌಸರಿನಲ್ಲಿ ಅನ್‌ಪೇವಾಲ್ ಹಾಕಿಕೊಳ್ಳಿ, ಕಾನೂನುಬದ್ಧವಾಗಿ ಉಚಿತ ಪ್ರತಿ ಎಲ್ಲಾದರೂ ಇದ್ದರೆ ತೋರಿಸುತ್ತದೆ. ಅದೂ ಇಲ್ಲ ಅಂದರೆ ಬರೆದ ವಿಜ್ಞಾನಿಗೇ ಎರಡು ಸಾಲಿನ ಮೇಲ್ ಹಾಕಿ. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಂತೋಷದಿಂದ ಕಳಿಸಿದ್ದಾರೆ. ಸಿಕ್ಕಿದ್ದನ್ನು ಆಗಲೇ ಝೊಟೆರೊ ಅನ್ನುವ, ಪೇಪರು ಜೋಡಿಸಿಡುವ ಸಾಫ್ಟ್‌ವೇರಿನಲ್ಲಿ ಉಳಿಸಿಕೊಳ್ಳಿ. ಮಳೆಗಾಲದಲ್ಲಿ ಇಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುತ್ತವೆ, ಆಗ ಲ್ಯಾಪ್‌ಟಾಪಿನೊಳಗೆ ಇರುವುದಷ್ಟೇ ನಮ್ಮದು.

ಜರ್ನಲ್ ಆಚೆ ಇರುವುದು

ಕೊಡಗಿನಲ್ಲಿ ಇದ್ದುಕೊಂಡು ವಿಜ್ಞಾನದ ಮಾಹಿತಿ ಕಲಿಯುವವರಿಗೆ ಒಂದು ಭಾಗ್ಯ ಇದೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ, ಅಲ್ಲೇ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ಅಪ್ಪಂಗಳದಲ್ಲಿ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು. ಬಸ್ಸಿನಲ್ಲಿ ಬೆಳಗ್ಗೆ ಹೊರಟರೆ ಸಂಜೆಗೆ ಮನೆಗೆ ಬರಬಹುದಾದ ದೂರದಲ್ಲಿ ಇಷ್ಟು ಬಗೆಯ ವಿಜ್ಞಾನ ನಡೆಯುತ್ತಿದೆ. ಇಂಥ ಕೇಂದ್ರಗಳ ವಾರ್ಷಿಕ ವರದಿ, ಕರಪತ್ರ, ತರಬೇತಿ ಕೈಪಿಡಿ ಇವೆಲ್ಲ ಯಾವ ದೊಡ್ಡ ಡೇಟಾಬೇಸಿಗೂ ಸರಿಯಾಗಿ ಸೇರುವುದಿಲ್ಲ. ಗ್ರೇ ಲಿಟರೇಚರ್ ಅನ್ನುತ್ತಾರೆ. ಮೊದಲೇ ಪತ್ರ ಬರೆದು ಅನುಮತಿ ಕೇಳಿ, ಹೋಗಿ, ಏನೇನು ಪ್ರಕಟಿಸಿದ್ದಾರೆ ಅಂತ ಪಟ್ಟಿ ಮಾಡಿ. ಆ ಪಟ್ಟಿಯೇ ನಿಮ್ಮ ಮೊದಲ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ.

ಇನ್ನೊಂದು ಇದೆ, ಇದು ನನಗೆ ತುಂಬಾ ಇಷ್ಟದ ವಿಷಯ. ನಮ್ಮ ಹಳೆಯ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದೆ. ಅಜ್ಜ ಬರೆದದ್ದು, ಆಮೇಲೆ ಅಪ್ಪ ಬರೆದದ್ದು, ದಿನ ದಿನದ ಮಳೆ, ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ. ಕಾಫಿ ಹೂ ಬಿಡಿಸುವ ಹೂಮಳೆ ಯಾವತ್ತು ಬಂತು, ಎಷ್ಟು ಬಂತು, ಮತ್ತೆ ಹಿಂದೆಯೇ ಎರಡನೇ ಮಳೆ ಬಂತಾ, ಎಲ್ಲ ಇರುತ್ತದೆ. ಇದು ವಿಜ್ಞಾನದ ಮಾಹಿತಿ ಅಲ್ಲ ಅಂತ ಯಾರು ಹೇಳುತ್ತಾರೆ? ಅಂಥ ಪುಸ್ತಕ ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಇದ್ದರೆ ಗೆದ್ದಲು ಹಿಡಿಯುವ ಮೊದಲು ಒಂದೊಂದು ಪುಟವನ್ನೂ ಫೋಟೊ ತೆಗೆಯಿರಿ. ತೋಟ ಎಲ್ಲಿದೆ, ಮಳೆಮಾಪಕ ಎಲ್ಲಿ ಇಟ್ಟಿದ್ದರು, ಯಾವ ವರ್ಷ ಜಾಗ ಬದಲಾಯಿಸಿದರು ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಮೂಲ ಇಂಚನ್ನು ಹಾಗೇ ಇಟ್ಟು ಪಕ್ಕದ ಖಾನೆಯಲ್ಲಿ ಮಿಲಿಮೀಟರ್ ಹಾಕಿ. ಒಂದು ಇಂಚು 25.4 ಮಿಲಿಮೀಟರ್, 100 ಸೆಂಟ್ಸ್ ಸೇರಿ ಒಂದು ಇಂಚು. ಮೆಟಾಡೇಟಾ (ಮಾಹಿತಿಯ ಬಗ್ಗೆ ಇರುವ ಮಾಹಿತಿ) ಅಂತ ಪಠ್ಯದಲ್ಲಿ ಇಡೀ ಅಧ್ಯಾಯ ಬರುತ್ತದೆ. ಅದನ್ನು ಓದುವ ಮೊದಲು ಈ ಕೆಲಸ ಮಾಡಿದವರಿಗೆ ಅದು ಕಷ್ಟವೇ ಆಗುವುದಿಲ್ಲ.

ಅಳತೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಪೇಪರಿನಲ್ಲಿ ಹೆಕ್ಟೇರಿಗೆ ಕಿಲೋ ಅಂತ ಇರುತ್ತದೆ. ನಮ್ಮವರು ಎಕರೆಗೆ ಎಷ್ಟು ಮೂಟೆ ಅಂತ ಕೇಳುತ್ತಾರೆ. ಒಂದು ಹೆಕ್ಟೇರ್ ಅಂದರೆ 2.47 ಎಕರೆ. ಲೆಕ್ಕ ಬದಲಾಯಿಸಿಯೇ ಕೊಡಿ.

ನಂಬಬಹುದಾ?

ಸಿಕ್ಕಿದ್ದೆಲ್ಲ ವಿಜ್ಞಾನ ಅಲ್ಲ. ಹಣ ತೆಗೆದುಕೊಂಡು ಎರಡು ದಿನದಲ್ಲಿ ಏನನ್ನಾದರೂ ಪ್ರಕಟಿಸುವ ಜರ್ನಲ್‌ಗಳು ಬೇಕಾದಷ್ಟಿವೆ. ಹಿಂದೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿ ನೋಡಿ ಅಂತ ಹೇಳಿ ಮುಗಿಸುತ್ತಿದ್ದೆವು, 2025ರಲ್ಲಿ ಯುಜಿಸಿ ಆ ಪಟ್ಟಿಯನ್ನು ನಿಲ್ಲಿಸಿತು. ಈಗ ನಾವೇ ನೋಡಬೇಕು. ಸಂಪಾದಕರು ಯಾರು, ಅವರು ನಿಜವಾಗಿಯೂ ಆ ಸಂಸ್ಥೆಯಲ್ಲಿ ಇದ್ದಾರಾ, ಉಚಿತವಾಗಿ ಓದಬಹುದಾದ ಜರ್ನಲ್‌ಗಳ ಡಿಒಎಜೆ ಪಟ್ಟಿಯಲ್ಲಿ ಜರ್ನಲ್ ಇದೆಯಾ, ಹಿಂದಿನ ಸಂಚಿಕೆಗಳ ಪೇಪರು ಓದಿದರೆ ಅರ್ಥವಿದೆಯಾ. ಪೇಪರನ್ನು ಆಮೇಲೆ ವಾಪಸ್ ತೆಗೆದಿದ್ದಾರಾ ಅಂತ ರಿಟ್ರಾಕ್ಷನ್ ವಾಚ್ ಡೇಟಾಬೇಸಿನಲ್ಲಿ ನೋಡಿ, ಅದೂ ಉಚಿತ.

ಎಐ ಚಾಟ್ ಹತ್ತಿರ ಕೇಳಿ ಪಟ್ಟಿ ತರುವ ವಿದ್ಯಾರ್ಥಿಗಳು ಈಗ ದಿನಾ ಬರುತ್ತಾರೆ. ಹೆಸರು, ವರ್ಷ, ಪುಟ ಸಂಖ್ಯೆ ಎಲ್ಲ ಇರುತ್ತದೆ, ಆದರೆ ಕೆಲವು ಪೇಪರುಗಳೇ ಇರುವುದಿಲ್ಲ. ಒಂದೊಂದರ ಡಿಒಐ (ಪೇಪರಿಗೆ ಕೊಡುವ ಗುರುತಿನ ಸಂಖ್ಯೆ) ತೆಗೆದು, ಆ ಸಂಖ್ಯೆಗಳನ್ನು ನೋಂದಾಯಿಸುವ ಕ್ರಾಸ್‌ರೆಫ್‌ನಲ್ಲಿ ಹಾಕಿ ನೋಡಿ. ತೆರೆಯಲಿಲ್ಲ ಅಂದರೆ ಶೀರ್ಷಿಕೆ ಹಾಕಿ ಹುಡುಕಿ. ಎಲ್ಲೂ ಇಲ್ಲದಿದ್ದರೆ ಪಟ್ಟಿಯಿಂದ ಹೊಡೆದು ಹಾಕಿ. ಪದಗಳನ್ನು ಯೋಚಿಸಲು ಅದನ್ನು ಬಳಸಿದರೆ ತಪ್ಪಿಲ್ಲ.

ಡಿಗ್ರಿ ಯಾವುದು ಮಾಡಬೇಕು

ಯಾವ ಡಿಗ್ರಿ ಆದರೂ ಸರಿ, ಆಮೇಲೆ ಲೈಬ್ರರಿ ಸೈನ್ಸ್‌ನಲ್ಲಿ ಎಂ.ಎಲ್.ಐ.ಎಸ್ಸಿ. ಅನ್ನುವ ಸ್ನಾತಕೋತ್ತರ ಪದವಿ. ನಮ್ಮ ಕಡೆಯವರಿಗೆ ಹತ್ತಿರ ಅಂದರೆ ಮಾನಸಗಂಗೋತ್ರಿಯ ಮೈಸೂರು ವಿಶ್ವವಿದ್ಯಾಲಯ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ. ತೋಟ ಅಥವಾ ಮನೆ ಬಿಟ್ಟು ಹೋಗಲು ಆಗದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ, ಇಗ್ನೊ ಇವೆ. ಬೆಂಗಳೂರಿನ ಡಿಆರ್‌ಟಿಸಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಗಣಿತ, ಕಂಪ್ಯೂಟರ್ ಇಷ್ಟ ಇದ್ದರೆ ಖಂಡಿತ ಪ್ರಯತ್ನಿಸಿ, ಅಲ್ಲಿ ಸ್ಟೈಪೆಂಡ್ ಕೊಡುತ್ತಾರೆ. ಕಾಲೇಜಿನಲ್ಲಿ ಲೈಬ್ರೇರಿಯನ್ ಕೆಲಸಕ್ಕೆ ಸ್ನಾತಕೋತ್ತರದಲ್ಲಿ ಶೇ. 55 ಅಂಕ ಮತ್ತು ಎನ್‌ಇಟಿ ಅಥವಾ ಕೆ-ಸೆಟ್ ಪರೀಕ್ಷೆಯ ಅರ್ಹತೆ ಬೇಕಾಗುತ್ತದೆ. ಮುಗಿದ ಮೇಲೆ ಬೆಂಗಳೂರಿನ ದೊಡ್ಡ ವಿಜ್ಞಾನ ಸಂಸ್ಥೆಗಳ ಲೈಬ್ರರಿಗಳಲ್ಲಿ ಟ್ರೈನಿಗಳನ್ನು ಕರೆಯುತ್ತಿರುತ್ತಾರೆ, ಒಂದು ವರ್ಷವಾದರೂ ಹೋಗಿ ಬನ್ನಿ.

ಬಿ.ಎ. ಮಾಡಿದವರು "ನಮಗೆ ವಿಜ್ಞಾನ ಬರಲ್ಲ" ಅಂತ ಹಿಂದೆ ಸರಿಯುತ್ತಾರೆ. ಬೇಡ. ಒಂದು ಪೇಪರಿನ ಸಾರಾಂಶ, ಚಿತ್ರಗಳು, ಕೊನೆಯ ಚರ್ಚೆ ಇಷ್ಟನ್ನು ಓದಿ, ಇದು ಯಾವ ಪ್ರಶ್ನೆಗೆ ಉತ್ತರ ಅಂತ ಮೂರು ಸಾಲಿನಲ್ಲಿ ಕನ್ನಡದಲ್ಲಿ ಬರೆಯಿರಿ. ವಾರಕ್ಕೆ ಎರಡು ಸಾಕು. ಸರಿಯಾ ತಪ್ಪಾ ಅಂತ ಬಿ.ಎಸ್ಸಿ. ಓದಿದ ಗೆಳೆಯರಿಗೆ ತೋರಿಸಿ. ಒಂದು ವರ್ಷ ಬಿಡದೆ ಮಾಡಿದವರು ವಿಜ್ಞಾನದವರ ಜೊತೆ ಧೈರ್ಯವಾಗಿ ಮಾತಾಡುವುದನ್ನು ನಾನೇ ನೋಡಿದ್ದೇನೆ. ಲೈಬ್ರರಿ ನಡೆಸುವ ಕೋಹಾ, ಡಿಜಿಟಲ್ ಸಂಗ್ರಹ ಇಡುವ ಡಿಸ್ಪೇಸ್ ಸಾಫ್ಟ್‌ವೇರ್ ಎರಡನ್ನೂ ನಿಮ್ಮ ಕಂಪ್ಯೂಟರಿನಲ್ಲೇ ಹಾಕಿ ಕಲಿಯಬಹುದು, ದುಡ್ಡು ಕೊಡಬೇಕಾಗಿಲ್ಲ.

ಈ ವಾರವೇ ಶುರು ಮಾಡುವುದಾದರೆ ನಿಮ್ಮ ಮನೆಯಲ್ಲಿ ಯಾರಿಗಾದರೂ ನಿಜವಾಗಿಯೂ ಬೇಕಾಗಿರುವ ಒಂದು ಪ್ರಶ್ನೆ ತೆಗೆದುಕೊಳ್ಳಿ. ಕಾಳುಮೆಣಸಿನ ಬಳ್ಳಿ ಯಾಕೆ ಸೊರಗುತ್ತಿದೆ ಅನ್ನುವುದಾದರೂ ಆಗಬಹುದು. ಎದುರು ಕೂತು ಕೇಳಿ, ಐದು ಖಾನೆ ಮಾಡಿ, ಹೆಸರುಗಳನ್ನು ತುಂಬಿಸಿ, ಹುಡುಕಿ. ಯಾವ ದಿನ, ಎಲ್ಲಿ, ಯಾವ ಪದಗಳು, ಎಷ್ಟು ಸಿಕ್ಕಿದವು ಅಂತ ಪುಸ್ತಕದಲ್ಲಿ ಬರೆಯಿರಿ. ಒಂದು ಪುಟದ ಉತ್ತರ ಕನ್ನಡದಲ್ಲಿ ಮಾಡಿ ಅವರ ಕೈಗೆ ಕೊಡಿ. ಔಷಧಿಯ ಪ್ರಮಾಣ ನೀವು ಹೇಳಬೇಡಿ. ಯಾವ ಸಂಸ್ಥೆ ಏನು ಶಿಫಾರಸು ಮಾಡಿದೆ ಅನ್ನುವುದನ್ನು ದಿನಾಂಕದ ಜೊತೆ ತೋರಿಸಿ, ಮುಂದಿನದಕ್ಕೆ ಸಂಶೋಧನಾ ಕೇಂದ್ರದವರ ಹತ್ತಿರ ಕಳಿಸಿ. ಅದೇ ಹುಡುಕಾಟಕ್ಕೆ ಗೂಗಲ್ ಸ್ಕಾಲರಿನಲ್ಲಿ ಅಲರ್ಟ್ ಹಾಕಿಡಿ, ಹೊಸದು ಬಂದಾಗ ಮೇಲ್ ಬರುತ್ತದೆ.

ಆ ಸೋಮವಾರಪೇಟೆಯವರ ಪ್ರಶ್ನೆಗೆ ಹಾಕಿಟ್ಟ ಅಲರ್ಟ್ ನನಗೆ ಇವತ್ತಿಗೂ ಬರುತ್ತಿದೆ. ಹೊಸದೇನಾದರೂ ಬಂದರೆ ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮೊದಲು, ಅವರಿಗೆ ವಾಟ್ಸಾಪ್ ಮಾಡುತ್ತೇನೆ.